ಭೂಗೋಳಕ್ಕೆ ಬೇಕಾಗಿದ್ದ ಹದಿನೈದನೆಯವಳು

ಜೂನ್ ಹತ್ತೊಂಬತ್ತು, ಗುರುವಾರ. ಸಂಜೆ ನಾಲ್ಕೂಕಾಲಿಗೆ ಇದನ್ನು ಬರೆಯಲು ಕೂತಿದ್ದೇನೆ. ಇದು ಬೀದರಿನಲ್ಲಿರುವ ನನ್ನ ಸೋದರತ್ತೆಯ ಮನೆ. ಕೆಳಗೆ ಗಾಂಧಿ ಗಂಜ್ ಮಾರುಕಟ್ಟೆಗೆ ಹೋಗುವ ಲಾರಿಗಳು ಸಾಲಾಗಿ ನಿಂತಿವೆ. ಮೇಜಿನ ಮೇಲೆ ರಸಾಯನಶಾಸ್ತ್ರದ ಹೊಸ ಪುಸ್ತಕವಿದೆ. ಅದಕ್ಕಿನ್ನೂ ಹೊದಿಕೆ ಹಾಕಿಲ್ಲ.

ನಮ್ಮೂರು ಠಾಣಾ ಕುಶನೂರ. ನಾನೂ ನನ್ನ ಗೆಳತಿಯೂ ಒಂದನೆಯ ತರಗತಿಯಿಂದ ಒಂದೇ ಬೆಂಚು. ಅವಳ ಮನೆಯಲ್ಲಿ ಕುರಿ ಸಾಕುತ್ತಾರೆ. ಹತ್ತನೆಯದು ಪಾಸಾದ ಮೇಲೆ ಪಿಯುಸಿಯಲ್ಲಿ ಭೂಗೋಳವನ್ನೇ ಓದುತ್ತೇನೆ, ಮುಂದೆ ಅದನ್ನೇ ಕಲಿಸುತ್ತೇನೆ ಎಂದು ಅವಳು ಹಟ ಹಿಡಿದಳು. ಔರಾದಿನ ಕಾಲೇಜಿನಲ್ಲಿ ಕಲಾ ವಿಭಾಗದವರಿಗೆ ಆ ವಿಷಯ ಕೊಡುತ್ತೇವೆ ಎಂದಿದ್ದರು, ಆದರೆ ಹದಿನೈದು ಮಂದಿ ಸೇರಿದರೆ ಮಾತ್ರ. ಇಲ್ಲದಿದ್ದರೆ ಎಲ್ಲರಿಗೂ ಸಮಾಜಶಾಸ್ತ್ರ.

ಮೇ ತಿಂಗಳೆಲ್ಲ ನಾವಿಬ್ಬರೂ ಮನೆ ಮನೆ ತಿರುಗಿದೆವು. ಎಣಿಕೆ ನನ್ನದು, ಮಾತು ಅವಳದು.

"ಭೂಗೋಳ ಓದಿ ಏನ್ ಮಾಡ್ತಾಳವ್ವಾ ನಮ್ಮ ಹುಡುಗಿ?" ಎಂದು ಒಬ್ಬ ತಾಯಿ ಕೇಳಿದರು.

"ಎಲ್ಲಿಗಿ ಹೋದ್ರೂ ದಾರಿ ತಪ್ಪಂಗಿಲ್ಲರಿ ಅತ್ಯಾ!"

ಆಕೆ ನಕ್ಕು ಒಪ್ಪಿದರು. ಗೆಳತಿಯೂ ಸೇರಿ ಹದಿನಾಲ್ಕಾಯಿತು. "ಹದಿನೈದನೇದಾಕಿ ನೀನೇ ಅಲಾ? ಮುಗೀತ್ ಬಿಡು" ಎಂದು ಅವಳು ನನ್ನ ಬೆನ್ನಿಗೆ ಗುದ್ದಿದಳು.

ಜೂನ್ ಮೊದಲ ವಾರ ಅತ್ತೆಯ ಫೋನ್ ಬಂತು. ಬೀದರಿನಲ್ಲಿ ವಿಜ್ಞಾನಕ್ಕೆ ಒಂದು ಸೀಟಿದೆ, ನಾಳೆಯೇ ಬರಬೇಕು.

ಅಪ್ಪ ನನ್ನ ಮುಖ ನೋಡಿದರು. "ನಾ ಜಬರ್ದಸ್ತಿ ಮಾಡಂಗಿಲ್ಲವ್ವಾ. ನಿನಗ ಹ್ಯಾಂಗ ಅನಸ್ತದ ಹಾಂಗ ಮಾಡು."

ಅವರು ಜಬರ್ದಸ್ತಿ ಮಾಡಿದ್ದರೆ ಈಗ ನನಗೆ ಇಷ್ಟು ಚುಚ್ಚುತ್ತಿರಲಿಲ್ಲ. ಒಮ್ಮೆ ಶಾಲೆಯಲ್ಲಿ ಸೂಕ್ಷ್ಮದರ್ಶಕದ ಕೆಳಗೆ ನೋಡಿದ್ದ ಉಳ್ಳಾಗಡ್ಡಿಯ ಸಿಪ್ಪೆ ಕಣ್ಣ ಮುಂದೆ ಬಂತು. ಹೋಗುತ್ತೇನೆ ಎಂದೆ.

ಗೆಳತಿ ಕುರಿಮರಿಗಳಿಗೆ ನೀರಿಡುತ್ತಿದ್ದಳು. ಹೇಳಿದೆ. ತಲೆ ಎತ್ತದೆಯೇ, "ಇನ್ನೊಬ್ಬಾಕಿನ್ನ ಹುಡುಕಿ ಕೊಟ್ಟು ಹೋಗು ಮತ್ತ" ಎಂದಳು. ಆ ಸಂಜೆ ಮೂರು ಮನೆ ತಿರುಗಿದೆ, ಯಾರೂ ಸಿಗಲಿಲ್ಲ. ಬೆಳಗಿನ ಬಸ್ಸು ಹತ್ತಿದೆ. ಔರಾದಿನಲ್ಲಿ ಭೂಗೋಳ ನಿಂತುಹೋಯಿತು.

ಹೋದ ಭಾನುವಾರ ಊರಲ್ಲಿ ಬಸ್ಸಿಳಿದಾಗ ಅವಳು ಅಲ್ಲೇ ಇದ್ದಳು. "ಬಂದ್ಳು ನೋಡ್ರಿ ಹದಿನೈದು!" ಎಂದು ಎಲ್ಲರ ಮುಂದೆ ಕೂಗಿದಳು. ಈಗ ಊರಲ್ಲಿ ನನಗೆ ಅದೇ ಹೆಸರು. ನಕ್ಕು ಮನೆಗೆ ಕರೆದೊಯ್ದು ಚಹಾ ಕೊಟ್ಟಳು. ಅವಳ ಅಟ್ಲಾಸು ತಮ್ಮನ ಪಾಟಿಚೀಲ ಸೇರಿತ್ತು.

"ಸಮಾಜಶಾಸ್ತ್ರ ಹ್ಯಾಂಗದ?"

"ಛಲೋನೇ ಅದ. ನಕ್ಷಾ ಇಲ್ಲ, ಅಷ್ಟೇ."

ಮೊನ್ನೆ ಮಂಗಳವಾರ ತರಗತಿ ತಪ್ಪಿಸಿ ಭಾಲ್ಕಿಗೆ ಹೋದೆ. ಅಲ್ಲಿನ ಒಂದು ಕಾಲೇಜಿನಲ್ಲಿ ಭೂಗೋಳ ನಡೆಯುತ್ತಿದೆ. "ತಿಂಗಳ ಕೊನಿ ತನಕ ಬಂದ್ರ ತಗೋತೀವ್ರಿ. ಆದ್ರ ಅದು ಮೊದಲ್ನೇ ಪೀರಿಯಡ್ಡು, ಒಂಬತ್ತೂವರಿಗಿ ಇಲ್ಲಿರಬೇಕು" ಎಂದರು ಕಚೇರಿಯವರು. ನನಗೆ ತಿಳಿದ ಬೆಳಗಿನ ಬಸ್ಸು ಕುಶನೂರಿನಿಂದ ಭಾಲ್ಕಿ ಮುಟ್ಟುವಾಗ ಹತ್ತು ದಾಟಿರುತ್ತದೆ.

ಗೆಳತಿಗೆ ಫೋನ್ ಮಾಡಿ ಎಲ್ಲ ಹೇಳಿದೆ.

"ನಿನಗ್ಯಾರು ಹೋಗು ಅಂದಿದ್ರು?" ಎಂದು ರೇಗಿದವಳು ಮತ್ತೆ ತಾನೇ ಅಂದಳು, "ಬಸ್ ಸಿಕ್ಕರ ಹೇಳು, ಅಪ್ಪಗ ನಾ ಕೇಳ್ತೀನಿ. ಸಿಗಲಾರದ ಬರೇ ಆಸೆ ಹಚ್ಚಬ್ಯಾಡ."

ತಿಂಗಳು ಮುಗಿಯಲು ಇನ್ನು ಹನ್ನೊಂದು ದಿನ. ಕುಶನೂರಿನಿಂದ ಭಾಲ್ಕಿಗೆ ದಿನಾ ಬೆಳಿಗ್ಗೆ ಹೋಗುವ ನೌಕರರು, ಹಾಲಿನ ಗಾಡಿಯವರು, ಟಂಟಂ ಓಡಿಸುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಒಂಬತ್ತೂವರೆಯೊಳಗೆ ಅಲ್ಲಿ ಮುಟ್ಟುವ ದಾರಿ ಗೊತ್ತಿದ್ದರೆ, ದಯವಿಟ್ಟು ಈ ಪತ್ರಿಕೆಗೆ ಬರೆದು ತಿಳಿಸಿ. ಒಬ್ಬಳಿಗೆ ಕೂರಲು ಜಾಗವಿದ್ದರೆ ಸಾಕು.