ಆಪಾ ನನ್ನ ಜೊತೆ ಟೂ ಬಿಟ್ಟಾಗ

ಬಸ್ ಹತ್ತಿ, ಕಿಟಕಿ ಪಕ್ಕದ ಸೀಟು ಹಿಡಿದು, ಸೆರಗು ಸರಿಮಾಡಿಕೊಂಡು ಕುಳಿತ ಮೇಲೆ ‘ಈ ಬಸ್ಸು ಎಲ್ಲಿಗೆ ಹೋಗುತ್ತಮ್ಮಾ?’ ಎಂದು ಕೇಳುವವರನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಎರಡು ವರ್ಷದ ಹಿಂದೆ, ಶಿವಾಜಿನಗರದ ಬಸ್ ಸ್ಟ್ಯಾಂಡಿನಲ್ಲಿ.

“ಕೆ.ಆರ್. ಪುರಕ್ಕೆ” ಎಂದೆ. “ನೀವು ಎಲ್ಲಿಗೆ ಹೋಗ್ಬೇಕಿತ್ತು?”

“ಎಲ್ಲಿಗಾದ್ರೂ ಸರಿ. ಕೆ.ಆರ್. ಪುರ ನಾನು ನೋಡೇ ಇಲ್ಲ.”

ಅವರು ಮುಮ್ತಾಜ್ ಆಪಾ. ವಯಸ್ಸು ಎಪ್ಪತ್ತೆರಡು. ಶಿವಾಜಿನಗರದಲ್ಲಿ ಗುಂಡಿ, ಲೇಸು, ಜರಿ ಮಾರುವ ಪುಟ್ಟ ಅಂಗಡಿಯಲ್ಲಿ ನಲವತ್ತು ವರ್ಷ ಕುಳಿತವರು. ಈಗ ಅಂಗಡಿಯನ್ನು ಮಗ ಇಮ್ರಾನ್ ನೋಡಿಕೊಳ್ಳುತ್ತಾನೆ. “ಅಂಗಡಿ ಮುಂದೆ ದಿನಾ ಎಷ್ಟು ಬಸ್ ಹೋಗ್ತಿತ್ತು ಗೊತ್ತಾ? ಒಂದ್ರಲ್ಲೂ ನಾನಿರ್ತಿರ್ಲಿಲ್ಲ” ಎಂದರು. ಅದಕ್ಕೇ ಪ್ರತಿ ಶನಿವಾರ ಕಣ್ಣಿಗೆ ಬಿದ್ದ ಬಸ್ ಹತ್ತುವುದು, ಕೊನೆಯ ಸ್ಟಾಪಿನಲ್ಲಿ ಇಳಿದು ಚಹಾ ಕುಡಿಯುವುದು, ವಾಪಸ್ ಬರುವುದು. (ಹೆಂಗಸರಿಗೆ ಟಿಕೆಟ್ ಬೇರೆ ಫ್ರೀ. ಆಪಾ ಬಿಡುತ್ತಾರೆಯೇ?)

ನನಗೆ ಮೂವತ್ತೊಂಬತ್ತು. ಮನೆ ಬಾಣಸವಾಡಿ, ಕೆಲಸ ದೊಡ್ಡನೆಕ್ಕುಂದಿಯ ಕಂಪನಿಯೊಂದರ ಎಚ್.ಆರ್. ವಿಭಾಗದಲ್ಲಿ. ಊರಿಡೀ ಕ್ಯಾಬಿನಲ್ಲಿ ಓಡಾಡಿಯೂ ಊರು ನೋಡದವಳು. ಬರಬರುತ್ತಾ ನಾನೂ ಅವರ ಶನಿವಾರಗಳಿಗೆ ಸೇರಿಕೊಂಡೆ. “ಇವರು ನಿಮಗೇನಾಗ್ಬೇಕು?” ಎಂದು ಯಾರಾದರೂ ಕೇಳಿದರೆ ಆಪಾ ನನಗಿಂತ ಮೊದಲೇ “ಫ್ರೆಂಡು” ಎನ್ನುತ್ತಿದ್ದರು. ಕೇಳಿದವರು ಜೋಕು ಎಂದುಕೊಂಡು ನಗುತ್ತಿದ್ದರು.

ಹೋದ ತಿಂಗಳು ಆಪಾ ಬಸ್ಸಿನಿಂದ ಇಳಿಯುವಾಗ ಬಿದ್ದರು. ಅವತ್ತು ನಾನು ಜೊತೆಯಲ್ಲಿರಲಿಲ್ಲ. ಸಂಜೆ ಅವರೇ ಫೋನ್ ಮಾಡಿದರು. “ಮಂಡಿ ತರಚಿದೆ ಅಷ್ಟೇ. ಮುಲಾಮು ಹಚ್ಕೊಂಡಿದ್ದೀನಿ. ಇಮ್ರಾನ್‌ಗೆ ಹೇಳ್ಬೇಡ.”

“ಇಲ್ಲ ಆಪಾ, ಹೇಳಲ್ಲ” ಎಂದೆ.

ಹತ್ತು ನಿಮಿಷದಲ್ಲಿ ಇಮ್ರಾನ್‌ಗೆ ಫೋನ್ ಮಾಡಿದೆ. ಯಾಕೆ? ಭಯ. ಆ ವಯಸ್ಸಿಗೆ ಸೊಂಟ ಮುರಿದರೆ? ಜವಾಬ್ದಾರಿಯ ಕೆಲಸ ಮಾಡಿದೆ ಎಂಬ ನೆಮ್ಮದಿಯಲ್ಲಿ ಚೆನ್ನಾಗಿ ನಿದ್ದೆಯನ್ನೂ ಮಾಡಿದೆ.

ಮರುದಿನದಿಂದ ಆಪಾ ಒಬ್ಬರೇ ಮನೆಯಿಂದ ಹೊರಗೆ ಕಾಲಿಡುವಂತಿಲ್ಲ ಎಂದಾಯಿತು. ನನಗೆ ಫೋನ್ ಬಂತು.

“ನಾನು ನಿನ್ನನ್ನ ಫ್ರೆಂಡ್ ಅಂದ್ಕೊಂಡಿದ್ದೆ ಶೋಭಾ. ನೀನು ನನ್ನ ಮಗ ಆಗ್ಬಿಟ್ಟೆ. ಮಗ ನಂಗೆ ಇದ್ದಾನೆ.”

ಕಟ್. ಎಪ್ಪತ್ತೆರಡನೇ ವಯಸ್ಸಿನಲ್ಲಿ ಆಪಾ ನನ್ನ ಜೊತೆ ಟೂ ಬಿಟ್ಟಿದ್ದರು!

ಎರಡು ಶನಿವಾರ ಹೋದವು. ನನ್ನ ಫೋನು ಎತ್ತಲಿಲ್ಲ, ಮೆಸೇಜಿಗೆ ಉತ್ತರವಿಲ್ಲ. ಹಿರಿಯರು ಬೈದರೆ ತಲೆತಗ್ಗಿಸಿ ಕೇಳಿ ಅಭ್ಯಾಸವಿದೆ. ಹಿರಿಯರು ಮುನಿಸಿಕೊಂಡರೆ ಏನು ಮಾಡಬೇಕೆಂದು ಯಾರೂ ನನಗೆ ಕಲಿಸಿಯೇ ಇರಲಿಲ್ಲ.

ಮೂರನೇ ಶನಿವಾರ ಸೀದಾ ಅವರ ಮನೆಗೆ ಹೋದೆ. ಕೆಳಗೆ ಅಂಗಡಿ, ಮೇಲೆ ಮನೆ. ಆಪಾ ಬಟಾಣಿ ಸುಲಿಯುತ್ತಿದ್ದರು. “ತಪ್ಪಾಯ್ತು ಆಪಾ” ಎಂದೆ. ಅವರು ತಲೆ ಎತ್ತಲಿಲ್ಲ.

“ನಿನ್ನ ಅಮ್ಮಂಗೆ ಫೋನ್ ಮಾಡು. ಸ್ಪೀಕರ್ ಹಾಕು.”

ನನ್ನ ಅಮ್ಮ ಹೊಸಕೋಟೆಯಲ್ಲಿ ಅಣ್ಣನ ಜೊತೆ ಇದ್ದಾಳೆ. ಯಾಕೆ ಎಂದು ಕೇಳುವ ಧೈರ್ಯವಿಲ್ಲದೆ ಫೋನ್ ಮಾಡಿದೆ. ಆಪಾ ಕುಶಲ ವಿಚಾರಿಸಿ, ತಣ್ಣಗೆ ಹೇಳಿದರು: “ನಿಮ್ಮ ಮಗಳು ನಾಲ್ಕು ತಿಂಗಳಿಂದ ಬುಲೆಟ್ ಓಡಿಸ್ತಾಳೆ. ಭಾನುವಾರ ಬೆಳಿಗ್ಗೆ ಹೈವೇಗೆ ಹೋಗ್ತಾಳೆ. ನಿಮಗೆ ಗೊತ್ತಾಗ್ಲಿ ಅಂತ ಹೇಳ್ದೆ.”

ಆ ವಿಷಯ ನಾನು ಹೇಳಿದ್ದು ಆಪಾ ಒಬ್ಬರಿಗೇ.

“ಬುಲೆಟ್ಟಾ!” ಅಮ್ಮನ ದನಿ ಇಡೀ ಬೀದಿಗೆ ಕೇಳಿಸಿತು. ಐದೇ ನಿಮಿಷದಲ್ಲಿ ಅಣ್ಣನ ಫೋನು. ನಾಳೆಯೇ ಗಾಡಿ ಮಾರಬೇಕಂತೆ. ನನ್ನನ್ನು ಯಾರೂ ಏನೂ ಕೇಳಲಿಲ್ಲ.

“ಏನ್ ಆಪಾ ಇದು! ನಂಗೆ ಮೂವತ್ತೊಂಬತ್ತು ವರ್ಷ!” ಎಂದು ಕೂಗಿದೆ.

“ನಂಗೆ ಎಪ್ಪತ್ತೆರಡು. ನನ್ನ ಹತ್ರ ಜಾಸ್ತಿ ಇದೆ!” ಎಂದು ಅವರೂ ಕೂಗಿದರು.

ಗಲಾಟೆ ಕೇಳಿ ಇಮ್ರಾನ್ ಮೆಟ್ಟಿಲೇರಿ ಓಡಿಬಂದ. “ಏನ್ ಮೇಡಂ, ಕಸ್ಟಮರ್‌ಗೆಲ್ಲ ಕೇಳಿಸ್ತಿದೆ.”

ನಾವಿಬ್ಬರೂ ಒಟ್ಟಿಗೆ ಅವನತ್ತ ತಿರುಗಿದೆವು. ಆಪಾ ಒಬ್ಬರೇ ಓಡಾಡಲಿ ಎಂದು ನಾನು ವಾದಿಸಿದೆ. ಪಾಪ, ಅವನದೂ ಭಯವೇ. “ಮತ್ತೆ ಬಿದ್ರೆ ಏನ್ ಮಾಡ್ಲಿ?” ಎಂದ.

“ಎದ್ದೇಳ್ತೀನಿ. ಅವತ್ತೂ ನಾನೇ ಎದ್ದಿದ್ದು” ಎಂದರು ಆಪಾ. ಹೇಳುತ್ತಾ ಹೇಳುತ್ತಾ ಅವರಿಗೇ ನಗು ಬಂತು. ನನಗೂ ಬಂತು. ಕೊನೆಗೆ ಇಮ್ರಾನ್‌ಗೂ. ಬಸ್ ಪೂರ್ತಿ ನಿಂತ ಮೇಲೆ ಇಳಿಯುವುದು, ಕೊನೆಯ ಸ್ಟಾಪ್ ತಲುಪಿದೊಡನೆ ಒಂದು ಮಿಸ್ಡ್ ಕಾಲ್ ಕೊಡುವುದು ಎಂದು ಒಪ್ಪಂದವಾಯಿತು.

(ಬುಲೆಟ್ ಮಾರಿಲ್ಲ. ಅಮ್ಮ ದಿನಾ ಹೆಲ್ಮೆಟ್ ವಿಚಾರಿಸುತ್ತಾಳೆ.)

ಕಳೆದ ಶನಿವಾರ ಆಪಾ ಒಬ್ಬರೇ ಹೊಸಕೋಟೆ ಬಸ್ ಹತ್ತಿ ನಮ್ಮಮ್ಮನ ಮನೆಗೆ ಹೋಗಿ ಬಂದಿದ್ದಾರೆ. ನನ್ನನ್ನು ಕರೆಯಲೇ ಇಲ್ಲ! “ಏನ್ ಮಾತಾಡಿದ್ರಿ?” ಎಂದರೆ “ನಮ್ಮ ವಿಷಯ ನಿನಗ್ಯಾಕೆ?” ಎನ್ನುತ್ತಾರೆ. ಅಮ್ಮನೂ ಬಾಯಿ ಬಿಡುತ್ತಿಲ್ಲ.

ನಾನು ಇಮ್ರಾನ್‌ಗೆ ಹೇಳಿದ್ದು ಪೂರ್ತಿ ತಪ್ಪೇ? ಇನ್ನೂ ಖಾತ್ರಿಯಿಲ್ಲ. ಬಿದ್ದವರ ಬಗ್ಗೆ ಭಯಪಡದೆ ಇರುವುದು ಹೇಗೆ? ಆದರೆ ನನ್ನ ವಯಸ್ಸಿನ ಗೆಳತಿ ಬಿದ್ದಿದ್ದರೆ ಅವಳ ಮನೆಯವರಿಗೆ ಫೋನ್ ಮಾಡುತ್ತಿರಲಿಲ್ಲ. ಮೊದಲು ಅವಳ ಜೊತೆಗೇ ಜಗಳ ಆಡುತ್ತಿದ್ದೆ. ಹಿರಿಯರಿಗೆ ನಾವು ಗೌರವ ಕೊಡುತ್ತೇವೆ, ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡುತ್ತೇವೆ, ಫಂಕ್ಷನ್ನಿನಲ್ಲಿ ಮುಂದಿನ ಸಾಲಿನ ಕುರ್ಚಿ ಕೊಡುತ್ತೇವೆ. ನಂಬಿಕೆ ಮಾತ್ರ ಕೊಡುವುದಿಲ್ಲ.

ನಿಮ್ಮ ಮನೆಯ ಹಿರಿಯರು ಎಂದಾದರೂ ನಿಮಗೊಂದು ಗುಟ್ಟು ಹೇಳಿದ್ದಾರೆಯೇ? ಇಲ್ಲವೆಂದರೆ, ಯಾಕೆ ಹೇಳಿಲ್ಲ ಎಂದು ಯೋಚಿಸಿದ್ದೀರಾ?