ಚಾನಲ್ ಏರಿಯ ಮೇಲೆ ತೀರುವ ಹರಕೆ

ಇನ್ನೂ ಬೆಳಕು ಹರಿದಿಲ್ಲ. ಮಾಚೇನಹಳ್ಳಿ ದಾಟಿ ಭದ್ರಾವತಿಯ ಕಡೆಗೆ ಸ್ವಲ್ಪ ಮುಂದೆ ಬಂದರೆ ಸಿಗುವ ಸಮುದಾಯ ಭವನದ ಅಂಗಳದಲ್ಲಿ ಪಾದಯಾತ್ರಿಗಳು ಹೊರಡುವ ಗಡಿಬಿಡಿ. ಶಿವರಾತ್ರಿಯ ಹೊತ್ತಿಗೆ ಧರ್ಮಸ್ಥಳ ಸೇರಬೇಕೆಂದು ಹೊನ್ನಾಳಿ ಕಡೆಯಿಂದ ಹೊರಟವರು ಇವರು. ಸವಳಂಗ ರಸ್ತೆ ಹಿಡಿದು ಶಿವಮೊಗ್ಗಕ್ಕೆ ಬಂದು, ಪೇಟೆ ದಾಟಿ, ನಿನ್ನೆ ರಾತ್ರಿ ಇಲ್ಲಿ ಮೈ ಚೆಲ್ಲಿದ್ದರು. ಸ್ವಾಮಿಯ ಫೋಟೊ ಇಟ್ಟ ತಳ್ಳುಗಾಡಿಗೆ ಒಬ್ಬರು ಹೊಸ ಹೂವು ಏರಿಸುತ್ತಿದ್ದರೆ, ಇನ್ನೊಬ್ಬರು ಕಾಣೆಯಾದ ಟಾರ್ಚಿಗಾಗಿ ಎಲ್ಲರ ಚೀಲ ತಡಕುತ್ತಿದ್ದಾರೆ.

ಒಳಗೆ ಜಯಶೀಲಾ ಜಮಖಾನ ಮಡಚುತ್ತಿದ್ದಾರೆ. ಈ ಭವನದ ಕಸ ಗುಡಿಸುವುದು, ಟ್ಯಾಂಕಿಗೆ ನೀರು ಬಿಡುವುದು, ಬೀಗ ತೆಗೆಯುವುದು, ಹಾಕುವುದು ಎಲ್ಲವೂ ಅವರದೇ. ವಯಸ್ಸು ಐವತ್ತರ ಆಚೀಚೆ. ಒಂದೊಂದೇ ಜಮಖಾನ ಕೊಡವಿ ಮಡಚುತ್ತ ಮೂಲೆಗೆ ಬಂದಾಗ ಅವರ ಕೈ ನಿಲ್ಲುತ್ತದೆ. ಕೊನೆಯ ಜಮಖಾನದ ಮೇಲೆ ಒಬ್ಬಳು ಬ್ಯಾಗನ್ನು ಮಡಿಲಲ್ಲಿಟ್ಟುಕೊಂಡು ಗೋಡೆ ನೋಡುತ್ತ ಕೂತಿದ್ದಾಳೆ.

ತಂಡದ ಮುಖಂಡ ಏಕಾಂತಪ್ಪ ಬಾಗಿಲ ಹೊರಗೇ ನಿಂತು, "ಸಂಧ್ಯಾಗೆ ಜ್ವರ ಬಂದದಂತೆ ಅಕ್ಕಾರೆ. ಬೆಳಕಾದ ಮೇಲೆ ಊರ ಬಸ್ ಹತ್ತಿಸಿಬಿಡ್ರಿ" ಅನ್ನುತ್ತಾರೆ. ಯಾವ ಜ್ವರ ಎಂಬುದು ಅವರಿಗೂ ಗೊತ್ತು, ಜಯಶೀಲಾರಿಗೂ ಗೊತ್ತು. ಸ್ವಾಮಿಯ ಗಾಡಿಯ ಜೊತೆ ಮುಟ್ಟಾದವರು ನಡೆಯಬಾರದು ಎಂಬುದು ಆ ತಂಡ ಮೊದಲಿನಿಂದ ಪಾಲಿಸಿಕೊಂಡು ಬಂದ ಕಟ್ಟುಪಾಡು. "ಆಯ್ತು ಬಿಡಿ, ನಾನು ನೋಡ್ಕೊಳ್ತೀನಿ" ಎಂದು ಜಯಶೀಲಾ ತಲೆಯಾಡಿಸುತ್ತಾರೆ. ಜೈಕಾರ ಹಾಕುತ್ತ ತಂಡ ತರೀಕೆರೆಯ ದಿಕ್ಕಿಗೆ ಹೊರಡುತ್ತದೆ. ಸಂಧ್ಯಾಳ ಅಳು ಶುರುವಾಗುವುದು ಆಮೇಲೆ.

ಅಳುವುದಕ್ಕೆ ಕಾರಣ ದೊಡ್ಡದೇ ಇದೆ. ಮಗಳಿಗೆ ಮೂರು ತುಂಬಿದರೂ ಮಾತು ಬಂದಿರಲಿಲ್ಲ. ಮಾತು ಬಂದರೆ ಧರ್ಮಸ್ಥಳಕ್ಕೆ ನಡೆದು ಬರುತ್ತೇನೆ ಎಂದು ಸಂಧ್ಯಾ ಹರಕೆ ಹೊತ್ತಳು. ಈಗ ಆ ಪುಟಾಣಿಯ ಬಾಯಿ ಮುಚ್ಚಿಸುವುದೇ ಮನೆಯವರಿಗೆ ದೊಡ್ಡ ಕೆಲಸವಂತೆ. "ನಾನು ಅರ್ಧಕ್ಕೆ ತಿರುಗಿ ಹೋದ್ರೆ, ಕೊಟ್ಟಿದ್ದನ್ನ ಆ ಸ್ವಾಮಿ ವಾಪಸ್ ತಗೊಂಡ್ರೆ?" ಎಂದು ಕೇಳುತ್ತಾಳೆ. ಪಾದಯಾತ್ರೆಯ ಬಗ್ಗೆ ಪತ್ರಿಕೆಗೆ ಬರೆಯಲೆಂದು ಬಂದು ಪಕ್ಕದಲ್ಲಿ ಕೂತ ನನಗೆ ಡಾಕ್ಟರು, ಥೆರಪಿ ಎಲ್ಲ ಗೊತ್ತು. ತಾಯಿಯ ಹೆದರಿಕೆಗೆ ಓದು ಬರಹ ಏನು ಹೇಳೀತು?

ಜಯಶೀಲಾ ಸಮಾಧಾನದ ಮಾತು ಹೆಚ್ಚು ಆಡುವವರಲ್ಲ. "ಮೊದ್ಲು ಕಾಲು ತೋರ್ಸು" ಅನ್ನುತ್ತಾರೆ. ಅಂಗಾಲಿನ ತುಂಬ ಬೊಬ್ಬೆ. ಮದುವೆ ಅಡುಗೆಯ ದೊಡ್ಡ ಬೋಗುಣಿಯಲ್ಲಿ ಉಪ್ಪು ಹಾಕಿದ ಬಿಸಿನೀರು ತಂದು ಅವಳ ಮುಂದಿಡುತ್ತಾರೆ. "ಊರ ಬಸ್ಸು ಎಲ್ಲಿಗೂ ಓಡಿಹೋಗಲ್ಲ. ಇವತ್ತು ಮಲಗು. ನಾಳೆ ಬೆಳಿಗ್ಗೆ ನನ್ನ ಜೊತೆ ಚಾನಲ್ ಏರಿಗೆ ಬಾ."

ಚಾನಲ್ ಎಂದರೆ ಭವನದ ಹಿಂದೆ ಹಾದುಹೋಗುವ ಭದ್ರಾ ಕಾಲುವೆ. ಅದರ ಏರಿಯ ಮೇಲೆ ಟ್ರ್ಯಾಕ್ಟರ್ ಓಡಾಡುವಷ್ಟು ಅಗಲದ ಮಣ್ಣಿನ ದಾರಿ. ತಂಡ ಮುಂದೆ ಹೋಗಿಬಿಟ್ಟ ಮೇಲೆ, ತಪ್ಪಿದ ದಾರಿಯನ್ನು ಹೆಂಗಸರು ಇಲ್ಲಿ ನಡೆದು ತೀರಿಸುತ್ತಾರೆ. ಬೆಳಿಗ್ಗೆ ಒಂದಷ್ಟು, ಸಂಜೆ ಒಂದಷ್ಟು, ಪಕ್ಕದಲ್ಲಿ ಜಯಶೀಲಾ. ತಲೆಗೆ ನೀರು ಹಾಕಿಕೊಂಡ ಮೇಲೆ ಬಸ್ಸಿನಲ್ಲಿ ಹೋಗಿ ತಂಡ ಎಲ್ಲಿದೆಯೋ ಅಲ್ಲಿ ಕೂಡಿಕೊಂಡು, ಉಳಿದದ್ದನ್ನು ಎಲ್ಲರ ಜೊತೆ ನಡೆಯುತ್ತಾರೆ. ಇಂಥ ವ್ಯವಸ್ಥೆಗೆ ಯಾವ ಮಠದ ಒಪ್ಪಿಗೆಯೂ ಇಲ್ಲ, ಯಾವ ಸಮಿತಿಯ ಠರಾವೂ ಇಲ್ಲ. ಈ ಭವನದಲ್ಲಿ ಫ್ಯಾನಿನ ರೆಕ್ಕೆಯ ಮೇಲೂ ದಾನಿಗಳ ಹೆಸರಿದೆ. ಜಯಶೀಲಾರ ಹೆಸರು ಎಲ್ಲಿದೆಯೆಂದು ನಾನು ಹುಡುಕಿದೆ, ಸಿಗಲಿಲ್ಲ.

ಉಪಾಯ ಹೊಳೆದದ್ದು ಹೇಗೆ ಎಂದರೆ ಅವರು ಬೆರಳು ತೋರಿಸುವುದು ಹಂಡೆಯ ಒಲೆಯ ಕಡೆಗೆ. ಅಲ್ಲಿ ಸೌದೆ ಒಟ್ಟುತ್ತ ಸರ್ವರ್ ಬೀ ಕೂತಿದ್ದಾರೆ. ಹಿಂದಿನ ಬೀದಿಯವರು, ಭವನದಲ್ಲಿ ಪಾತ್ರೆ ತೊಳೆಯುವ ಕೆಲಸ. ವರ್ಷಗಳ ಹಿಂದೆ ಹೀಗೇ ಒಬ್ಬಳು ಹೆಣ್ಣುಮಗಳು ಹರಕೆ ಮುರಿಯಿತೆಂದು ಗೋಳಾಡುತ್ತಿದ್ದಾಗ ಸರ್ವರ್ ಬೀಗೆ ಅದು ಅರ್ಥವೇ ಆಗಿರಲಿಲ್ಲವಂತೆ. "ರಂಜಾನ್‌ನಲ್ಲಿ ನಮ್ಗೂ ಹಂಗಾಗ್ತದಲ್ಲಮ್ಮ. ಆ ದಿನದ್ದು ರೋಜಾ ಉಪವಾಸ ಬಿಡ್ತೀವಿ. ಈದ್ ಆದ್ಮೇಲೆ ಬಿಟ್ಟಿದ್ದು ಹಿಡ್ದು ತೀರಿಸ್ತೀವಿ. ಅದಕ್ಕೆ ಯಾಕೆ ಅಳ್ಬೇಕು? ನಿಮ್ದು ದಾರಿ ಬಾಕಿ ಐತೆ, ನಡ್ದು ತೀರ್ಸಿ ಅಂದೆ. ಅಷ್ಟೇ." ಅವರು ಮತ್ತೆ ಒಲೆ ಊದಲು ಬಗ್ಗುತ್ತಾರೆ.

ಜಯಶೀಲಾ ನಗುತ್ತಾರೆ. "ಅಷ್ಟೇ ಅಂತಾಳೆ ಮಾರಾಯ್ತಿ. ನನಗೆ ಆ ಮಾತು ಇಪ್ಪತ್ತು ವರ್ಷ ಮೊದ್ಲೇ ಸಿಕ್ಕಿದ್ರೆ ನನ್ನ ಬಾಳೇ ಬೇರೆ ಇರ್ತಿತ್ತು."

ಆ ಬಾಳಿನ ಕತೆ ಹೀಗಿದೆ. ಮದುವೆಯಾಗಿ ಶಿವಮೊಗ್ಗದ ರಾಗಿಗುಡ್ಡಕ್ಕೆ ಬಂದ ಮರುವರ್ಷ, ಗಂಡನ ಮನೆಯವರ ಜೊತೆ ಅವರೂ ಇದೇ ದಾರಿಯಲ್ಲಿ ಧರ್ಮಸ್ಥಳಕ್ಕೆ ನಡೆದಿದ್ದರು. ತರೀಕೆರೆಯಲ್ಲಿ ಹೊರಗಾದರು. ಜ್ವರ ಎಂದು ಹೇಳಿ ಒಬ್ಬರನ್ನೇ ಬಸ್ಸು ಹತ್ತಿಸಿದರು. ಅಲ್ಲಿಂದಾಚೆಗೆ ಮನೆಯಲ್ಲಿ ಹಾಲು ಒಡೆದರೂ ಅತ್ತೆಯ ಬಾಯಲ್ಲಿ ಅದೇ ಮಾತು: ಹರಕೆ ಅರ್ಧಕ್ಕೆ ಬಿಟ್ಟೋಳು. ಗಂಡ ಮಾಚೇನಹಳ್ಳಿಯ ವರ್ಕ್‌ಶಾಪಿನಲ್ಲಿ ಕೈ ಜಜ್ಜಿಕೊಂಡಾಗ ಅತ್ತೆ ಆಸ್ಪತ್ರೆಯ ವರಾಂಡದಲ್ಲೇ ಅದನ್ನು ಅಂದರಂತೆ. ಹೊಟ್ಟೆಪಾಡಿಗೆ ಈ ಭವನದ ಕೆಲಸ ಹಿಡಿದದ್ದು ಆಮೇಲೆ. ಇದನ್ನೆಲ್ಲ ಹೇಳುವಾಗ ಅವರ ದನಿಯಲ್ಲಿ ಸಿಟ್ಟಿಲ್ಲ. ಕೇಳುತ್ತ ಕೂತ ನನಗೆ ಬಂತು.

"ಲಿಂಗ ಕಟ್ಟಿಕೊಂಡ ಮೈಗೆ ಸೂತಕ ಇಲ್ಲ ಅಂತ ನಮ್ಮಜ್ಜ ಜಗಲಿ ಮೇಲೆ ಕೂತು ಎಲ್ಲರಿಗೂ ಹೇಳೋನು. ಒಳಗೆ ಅಜ್ಜಿ ನಮ್ಮನ್ನ ಹಿತ್ತಲಲ್ಲಿ ಕೂರ್ಸೋಳು. ಯಾರ ಮಾತು ಕೇಳೋದು ಹೇಳಿ. ದೇವರ ವಿಷಯ ನಾನು ಮಾತಾಡಲ್ಲ ಮೇಡಂ, ನಂಗಷ್ಟು ತಿಳಿಯಲ್ಲ. ಆದ್ರೆ ಇಷ್ಟು ದೂರ ಬರಿಗಾಲಲ್ಲಿ ಬಂದೋಳನ್ನ ಜ್ವರ ಅಂತ ಸುಳ್ಳು ಹೇಳಿ ಬಸ್ ಹತ್ತಿಸಬಾರದು."

ಹಾಗೆ ಉಳಿದವರಿಗೆ ಅವರು ಬಿಟ್ಟುಕೊಡುವುದು ಮದುವೆಯ ಪಾತ್ರೆ ಇಡುವ ಸ್ಟೋರ್ ರೂಮು. ಕೊಳಗಗಳನ್ನು ಒಂದು ಕಡೆ ಸರಿಸಿ ಹಾಸಿಗೆ, ಬಟ್ಟೆ ಒಣಗಿಸಲು ಒಳಗೇ ಹಗ್ಗ, ಬಚ್ಚಲಿನ ಬಾಗಿಲಿಗೆ ಗಟ್ಟಿಯಾದ ಚಿಲಕ. ಆ ಚಿಲಕವನ್ನು ಭದ್ರಾವತಿ ಪೇಟೆಯಿಂದ ತಂದು ಹಾಕಿಸಿದವರೂ ಅವರೇ. ದಾರಿಯಲ್ಲಿ ಎಷ್ಟೋ ಕಡೆ ಅನ್ನ, ಮಜ್ಜಿಗೆ, ಹಣ್ಣು ಕೈತುಂಬ ಸಿಗುತ್ತದೆ, ಚಿಲಕ ಹಾಕುವ ಬಾಗಿಲು ಮಾತ್ರ ಅಪರೂಪ ಎಂದು ಸಂಧ್ಯಾ ಹೇಳುತ್ತಾಳೆ. ಹೆಂಗಸರು ಒಬ್ಬರಿಗೊಬ್ಬರು ಪಿಸುಮಾತಿನಲ್ಲಿ ಈ ಭವನದ ಹೆಸರು ಹೇಳಿಕೊಂಡು ಬರುವುದು ಅದಕ್ಕೇ.

ಮಾರನೆಯ ದಿನದಿಂದ ಸಂಧ್ಯಾ ಚಾನಲ್ ಏರಿ ಹತ್ತುತ್ತಾಳೆ. ಮೊದಲು ಕುಂಟುತ್ತ, ಆಮೇಲೆ ಸಲೀಸಾಗಿ. ಸಂಜೆ ಊರಿಗೆ ಫೋನ್ ಮಾಡಿ ಮಗಳ ಕೈಗೆ ಕೊಡಿಸಿ ಸುಮ್ಮನೆ ಕೇಳುತ್ತ ನಿಲ್ಲುತ್ತಾಳೆ. ಬೆಕ್ಕು, ಚಾಕ್ಲೇಟು, ಪಕ್ಕದ ಮನೆಯ ಜಗಳ ಎಲ್ಲ ಬರುತ್ತದೆ. ಫೋನಿಟ್ಟ ಮೇಲೆ ಮತ್ತೆ ನಡಿಗೆ. "ಇಷ್ಟಕ್ಕೆಲ್ಲ ಲೆಕ್ಕ ಸರಿ ಹೋಗುತ್ತಾ ಅಕ್ಕ?" ಎಂದು ಅವಳ ಅನುಮಾನ. "ಆದಷ್ಟು ನಡಿ. ಸ್ವಾಮಿ ಟೇಪ್ ಹಿಡ್ಕೊಂಡು ಅಳೆಯೋಕೆ ಕೂತಿಲ್ಲ" ಎಂದು ಜಯಶೀಲಾರ ಉತ್ತರ.

ಕೊನೆಯ ದಿನ ಬೆಳಿಗ್ಗೆ ನಾನು ಮತ್ತೆ ಭವನಕ್ಕೆ ಹೋದಾಗ ಸಂಧ್ಯಾ ಹಸಿ ಕೂದಲು ಒಣಗಿಸಿಕೊಳ್ಳುತ್ತ ಮೆಟ್ಟಿಲ ಮೇಲಿದ್ದಾಳೆ. ಈಗ ಏಕಾಂತಪ್ಪನವರಿಗೆ ಹೇಳಬೇಕು. ಜ್ವರ ಬಿಟ್ಟಿದೆ ಅಂದರೆ ಸಾಕು, ಎಲ್ಲರೂ ಹಾಗೇ ಹೇಳುವುದು ಎನ್ನುತ್ತಾರೆ ಜಯಶೀಲಾ. ಫೋನು ಸ್ಪೀಕರಿನಲ್ಲಿದೆ. ಸಂಧ್ಯಾ ಮಾತ್ರ, "ದೊಡ್ಡಪ್ಪಾ, ನಂಗೆ ಜ್ವರ ಇರ್ಲಿಲ್ಲ, ಮುಟ್ಟಾಗಿದ್ದೆ. ಇವತ್ತು ನೀರು ಹಾಕ್ಕೊಂಡೀನಿ. ಮೊದಲ್ನೇ ದಿನ ಒಂದು ಬಿಟ್ರೆ ನೀವು ನಡೆದಷ್ಟು ದಿನ ನಾನೂ ಇಲ್ಲಿ ಚಾನಲ್ ಏರಿ ಮೇಲೆ ನಡ್ದೀನಿ. ಬಂದು ಸೇರ್ಕೊಳ್ಲಾ?" ಎನ್ನುತ್ತಾಳೆ. ಜಯಶೀಲಾರ ಕೈಯಲ್ಲಿದ್ದ ಪೊರಕೆ ನಿಂತುಬಿಡುತ್ತದೆ.

ಆ ಕಡೆಯಿಂದ ಲಾರಿಗಳ ಸದ್ದು. ಅದರ ನಡುವೆ ಏಕಾಂತಪ್ಪನವರ ದನಿ: "ಅಲ್ಲಿ ನಡೆದ್ರೆ ಆಗ್ತದೆ ಅಂತ ಯಾರು ಹೇಳಿದ್ರವ್ವ?"

ಜಯಶೀಲಾ ಫೋನು ಈಸಿಕೊಳ್ಳುತ್ತಾರೆ. "ನಾನು ಹೇಳ್ದೆ ಸ್ವಾಮಿ. ಕಾಲು ನೋವು ಅಂತ ನಿಮ್ಮ ಗಂಡಸರು ಲಗೇಜ್ ಟೆಂಪೋ ಹತ್ತಲ್ವಾ? ಇಳಿದು ಮತ್ತೆ ನಡೆದ್ರೆ ಅವರ ಹರಕೆ ತೀರುತ್ತೆ. ಈ ಹುಡುಗಿ ಟೆಂಪೋನೂ ಹತ್ತಿಲ್ಲ."

"ಕಾಲು ಹೆಂಗದಾವ ಅವಳ್ವು?" ಎಂದು ಕೇಳುತ್ತಾರೆ ಏಕಾಂತಪ್ಪ. ವಾಸಿಯಾಗಿವೆ ಎಂದಾಗ, "ಇವತ್ತು ರಾತ್ರಿ ಕೊಟ್ಟಿಗೆಹಾರದಾಗೆ ಉಳೀತೀವಿ. ಬಸ್ ಇಳಿದು ಅಲ್ಲೇ ಇರಕ್ಕೆ ಹೇಳ್ರಿ. ನಾಳೆ ಅವಳನ್ನ ಬಿಟ್ಟು ಘಾಟಿ ಇಳಿಯಲ್ಲ" ಎನ್ನುತ್ತಾರೆ.

ಸರ್ವರ್ ಬೀ ಒಂದು ಡಬ್ಬಿ ಅವಲಕ್ಕಿ ಕಟ್ಟಿಕೊಡುತ್ತಾರೆ. ಭದ್ರಾವತಿ ಬಸ್ ಸ್ಟ್ಯಾಂಡಿನಲ್ಲಿ ಚಿಕ್ಕಮಗಳೂರಿನ ಬಸ್ಸು ಹತ್ತುವ ಮುಂಚೆ ಸಂಧ್ಯಾ ಬಗ್ಗಿ ಜಯಶೀಲಾರ ಕಾಲು ಮುಟ್ಟಲು ಹೋಗುತ್ತಾಳೆ. ಅವರು ತೋಳು ಹಿಡಿದು ಎತ್ತಿ, ಸೀಟು ಹಿಡಿ ಹೋಗು ಎಂದು ಗದರುತ್ತಾರೆ. ಬಸ್ಸು ತಿರುವು ದಾಟಿದ ಮೇಲೂ ಅಲ್ಲೇ ನಿಂತಿದ್ದಾರೆ. ಸಂತೋಷಕ್ಕೆ ಕಣ್ಣು ತುಂಬಿದೆ, ಅದನ್ನು ಮುಚ್ಚಿಡುವ ಯತ್ನವನ್ನೂ ಮಾಡುವುದಿಲ್ಲ.

ನಿಮಗೇನಾದರೂ ಆಸೆ ಇದೆಯೇ, ಬರೆಯುತ್ತೇನೆ ಎಂದೆ. ಭವನಕ್ಕೆ ಇನ್ನೊಂದು ಬಚ್ಚಲೋ, ಸಂಬಳ ಹೆಚ್ಚಾಗುವುದೋ ಕೇಳಿಯಾರೆಂದುಕೊಂಡಿದ್ದೆ. ಅವರು ಸೆರಗಿನಿಂದ ಮುಖ ಒರೆಸಿಕೊಂಡರು.

"ಮುಂದಿನ ಶಿವರಾತ್ರಿಗೆ ಆ ಸ್ಟೋರ್ ರೂಮಲ್ಲಿ ಪಾತ್ರೆ ಬಿಟ್ಟು ಬೇರೆ ಯಾರೂ ಇರಬಾರದು ಮೇಡಂ. ಬಂದ ಹೆಣ್ಮಕ್ಕಳೆಲ್ಲ ಬೆಳಿಗ್ಗೆ ಎದ್ದು ಎಲ್ಲರ ಜೊತೆ ನಡ್ಕೊಂಡು ಹೋಗಿಬಿಡಬೇಕು. ನನ್ನ ಹತ್ರ ಯಾರೂ ಉಳಿಯಬಾರದು."