ಮೂಲೆಯ ಕೋಣೆಯ ಕಾವಲು

ಕೊಪ್ಪಳದ ಆಸ್ಪತ್ರೆಯೊಂದರಲ್ಲಿ ನಾನು ನರ್ಸ್ ಆಗಿ ಸೇರಿ ಆಗಿನ್ನೂ ಎರಡು ತಿಂಗಳು. ಕಿನ್ನಾಳದಲ್ಲಿ ಗೊಂಬೆಗಳಿಗೆ ಬಣ್ಣ ಹಚ್ಚುವ ಯುವಕನೊಬ್ಬ ಜ್ವರ, ಕೆಮ್ಮು, ಮೈತುಂಬ ನೀರುಗುಳ್ಳೆ ಎಂದು ದಾಖಲಾದ. ಡಾಕ್ಟರು ಚಿಕನ್ ಪಾಕ್ಸ್ ಎಂದರು. ಅವನನ್ನು ಬೇರೆ ಇರಿಸುವ ಏರ್ಪಾಡು ನನ್ನ ಪಾಲಿಗೆ ಬಂತು. ಕೆಲವು ರೋಗಗಳು ಮುಟ್ಟಿದರೆ ಹರಡುತ್ತವೆ, ಕೆಲವು ಗಾಳಿಯಲ್ಲಿ. ಇದು ಎರಡೂ ಬಗೆಯದು. ಮುರಿದ ಮಂಚಗಳಿದ್ದ ಮೂಲೆಯ ಕೋಣೆ ಖಾಲಿ ಮಾಡಿಸಿ, ಹೊರಗೋಡೆಯ ಕಿಟಕಿ ತೆರೆಸಿ, ‘ಮಾಸ್ಕ್ ಇಲ್ಲದೆ ಒಳಗೆ ಬರಬಾರದು’ ಎಂದು ಬಾಗಿಲಿಗೆ ಬರೆದು ಅಂಟಿಸಿದೆ. ವಾರ್ಡಿನವರು ಅವನನ್ನು ಅಲ್ಲಿಗೆ ಸಾಗಿಸುವಷ್ಟರಲ್ಲಿ ಹೆಮ್ಮೆಯಿಂದ ಊಟಕ್ಕೆ ಹೋದೆ.

ಬಂದು ನೋಡಿದರೆ ಬಾಗಿಲ ಮುಂದೆ ಚಪ್ಪಲಿಗಳ ರಾಶಿ. ‘ಅಮ್ಮ ಬಂದಾಳ’ ಎಂದು ನೆಂಟರೆಲ್ಲ ಬೇವಿನ ಸೊಪ್ಪು, ಮೊಸರನ್ನ ಹಿಡಿದು ಸಾಲಾಗಿ ನಿಂತಿದ್ದರು. ಒಬ್ಬರು ಒಳಗೆ ಹೋಗಿ ಅವನ ಕಾಲಿಗೆ ನಮಸ್ಕರಿಸಿ ಬಂದು, ಮಾಸ್ಕ್ ಬಿಚ್ಚಿ ಮುಂದಿನವರಿಗೆ ಕೊಡುತ್ತಿದ್ದರು. ಇಡೀ ಸಾಲಿಗೆ ಒಂದೇ ಮಾಸ್ಕ್!

“ಏನ್ ಮಾಡಾಕತ್ತೀರಿ?” ಎಂದು ಚೀರಿದೆ.

ಮಾಸ್ಕ್ ಕಟ್ಟಿಕೊಳ್ಳುತ್ತಿದ್ದ ಹಿರಿಯರೊಬ್ಬರು, “ನೀವ ಬರ್ದೀರಲ್ರಿ ಸಿಸ್ಟರ್? ಎಲ್ಲಾರೂ ಹಾಕ್ಕೊಂಡ ಹೋಗ್ಯಾರ, ಒಬ್ರೂ ತಪ್ಪಿಸಿಲ್ರಿ” ಎಂದರು.

ಬಾಗಿಲಲ್ಲಿ ಕೂತಿದ್ದ ಅವನ ಅಜ್ಜಿಯ ಮೊರೆ ಹೋದೆ. “ಆಯೀ, ಹಿಂದ ಅಮ್ಮ ಬಂದು ಹೋದವ್ರು ಒಬ್ರ ಒಳಗಿರ್ಲಿ. ಉಳದವ್ರಿಗೆ ಅಂಟತೈತಿ.”

ಈ ಮಾತು ಆಕೆಗೆ ಕೂಡಲೇ ಒಪ್ಪಿತು. ಒಬ್ಬೊಬ್ಬರನ್ನೂ ವಿಚಾರಿಸಿದಳು. ಬಂದಿತ್ತು ಎಂದವರ ಮುಖ ಹಿಡಿದು ಕಲೆ ಹುಡುಕಿದಳು. ಹತ್ತು ನಿಮಿಷದಲ್ಲಿ ವರಾಂಡ ಖಾಲಿ.

ಔಷಧದ ಟ್ರೇ ಹಿಡಿದು ಒಳಗೆ ಹೊರಟೆ. ಅಜ್ಜಿ ಕೈ ಅಡ್ಡ ಇಟ್ಟಳು.

“ನಿನಗ ಬಂದಿತ್ತೇನವ್ವಾ?”

“ಇಲ್ಲ ಆಯೀ. ನಾ ನರ್ಸ್ ಅದೀನಿ.”

“ಅಮ್ಮಗ ಏನ್ ಗೊತ್ತಾಗತೈತಿ ನೀ ನರ್ಸ್ ಅಂತ? ಹೊರಗ ನಿಂದ್ರು.”

ಸಿಟ್ಟು ಬಂತು, ಮರುಕ್ಷಣ ನಾಚಿಕೆ. ಪುಸ್ತಕದಲ್ಲೂ ಇದೇ ಇತ್ತು: ರೋಗ ಬಾರದವರನ್ನು, ಲಸಿಕೆ ಇಲ್ಲದವರನ್ನು ಅಂಥ ರೋಗಿಯ ಬಳಿ ಕಳಿಸಬಾರದು. ಬಂದವರಿಗೆಲ್ಲ ಅಜ್ಜಿಯಿಂದ ಕೇಳಿಸಿದ್ದ ಪ್ರಶ್ನೆಯನ್ನು ನನಗೆ ನಾನೇ ಕೇಳಿಕೊಂಡಿರಲಿಲ್ಲ. ಹಿರಿಯ ಸಿಸ್ಟರನ್ನು ಕರೆತಂದೆ. ಅವರು ಹುಬ್ಬಿನ ಮೇಲಿನ ಕಲೆ ತೋರಿಸಿದರು. ಅಜ್ಜಿ ಬೆರಳಿನಿಂದ ಒತ್ತಿ ನೋಡಿ, ದಾರಿ ಬಿಟ್ಟಳು. ನಂತರದ ದಿನಗಳಲ್ಲಿ ನಾನು ದೂರದಿಂದಲೇ ಟ್ರೇ ದಾಟಿಸುತ್ತಿದ್ದೆ.

ಗುಳ್ಳೆಗಳೆಲ್ಲ ಒಣಗಿ ಅವನು ಮನೆಗೆ ಹೊರಟಾಗ ಅಜ್ಜಿ ನನ್ನ ತಲೆ ಸವರಿ, “ಮುಂದಿನ ವರ್ಷರ ನಿನಗೂ ಅಮ್ಮ ಬರ್ಲವ್ವಾ” ಎಂದು ಹರಸಿದಳು. ಅಷ್ಟರಲ್ಲಿ ಲಸಿಕೆಯ ಮೊದಲ ಡೋಸ್ ಹಾಕಿಸಿಕೊಂಡಿದ್ದೆ. ಆದರೂ “ಹೂಂ ಆಯೀ” ಎಂದೆ.